ಆರಿಸಿದ ಮೇಲೂ ಆರದ ದೀಪ

ನಮ್ಮವರಿಗೆ ಮದುವೆಯಾದ ವರ್ಷವೇ ಟ್ಯೂಬ್‌ಲೈಟ್ ಎಂದು ಹೆಸರಿಟ್ಟವಳು ನಾನು. ಬೆಳಿಗ್ಗೆ ಹೇಳಿದ ಜೋಕಿಗೆ ರಾತ್ರಿ ಊಟಕ್ಕೆ ಕೂತಾಗ ನಗುವ ಗಂಡಸಿಗೆ ಕೊರಿಯಾದ ನಮ್ಮ ಇಂಚಾನ್ ಊರಿನಲ್ಲಿ ಬೇರೆ ಹೆಸರೇ ಇಲ್ಲ.

ಅವರ ಬಸ್ ಡಿಪೋದ ಕೆಲಸ ಹೋಗಿ ಎಂಟು ತಿಂಗಳಾಗಿತ್ತು. ನಾವಿರುವ ಅಪಾರ್ಟ್‌ಮೆಂಟಿನಲ್ಲೇ ರಿಪೇರಿಯವನ ಜಾಗ ಖಾಲಿಯಾಯಿತು. ಅಲ್ಲಿನ ಕಚೇರಿ ನೋಡಿಕೊಳ್ಳುವ ಪ್ಯೋ ಸಾಹೇಬರ ಬೆನ್ನು ಹತ್ತಿ ನಾನೇ ಒಪ್ಪಿಸಿದೆ. "ಮಧ್ಯಾಹ್ನದೊಳಗೆ ಐದು ಮನೆಯ ಹಳೇ ಟ್ಯೂಬ್ ತೆಗೆದು ಎಲ್‌ಇಡಿ ಹಾಕ್ಲಿ. ಹಾಕಿದ್ರೆ ಕೆಲಸ ಅವರದ್ದು," ಎಂದರು. ಅರವತ್ತೊಂದರ ಗಂಡಸನ್ನು ಇನ್ಯಾರು ಕರೆಯುತ್ತಾರೆ? ಏಣಿ ಹಿಡಿಯುವ ನೆಪದಲ್ಲಿ ನಾನೂ ಜೊತೆಗೆ ಹೊರಟೆ.

ಮೊದಲನೆಯದು ಹನ್ನೆರಡನೇ ಮಹಡಿಯ ಗಿಲ್ ಅಕ್ಕನ ಮನೆ. ನಮ್ಮವರು ಮೇನ್ ಆರಿಸಿ, ಟೆಸ್ಟರ್ ಇಟ್ಟು ನೋಡಿ, ಮತ್ತೊಮ್ಮೆ ನೋಡಿ, ಆಮೇಲೆ ದೀಪದ ಮುಚ್ಚಳ ತೆಗೆದರು. ಸತ್ತ ಹುಳುಗಳು ನನ್ನ ತಲೆ ಮೇಲೆ ಬಿದ್ದವು. ಟ್ಯೂಬು, ಚೋಕು ಎಲ್ಲ ಬಿಚ್ಚಿ ಎಲ್‌ಇಡಿ ಹಲಗೆ ಕೂರಿಸಿ, ಮೇನ್ ಹಾಕಿ ದೀಪ ಹೊತ್ತಿಸಿದರು.

"ಅಯ್ಯೋ, ಮುಖದ ಸುಕ್ಕೆಲ್ಲ ಕಾಣುತ್ತಲ್ಲ, ಹಳೇದೇ ಹಾಕ್ಬಿಡಿ," ಎಂದು ಗಿಲ್ ಅಕ್ಕ ನಕ್ಕು ಸ್ವಿಚ್ ಆರಿಸಿದರು. ದೀಪ ಪೂರ್ತಿ ಆರಲಿಲ್ಲ. ಮಂಕಾಗಿ ಉರಿಯುತ್ತಲೇ ಇತ್ತು.

ನಾನು ಪ್ಯೋ ಸಾಹೇಬರಿಗೆ ಫೋನ್ ಮಾಡಿದೆ. "ಎಷ್ಟೋ ಮನೇಲಿ ಹಂಗಾಗುತ್ತಮ್ಮ. ಪೆಟ್ಟಿಗೇಲಿ ಕಂಡೆನ್ಸರ್ ಇದೆ, ಸಿಕ್ಕಿಸಿದ್ರೆ ಮಂಕು ಹೋಗುತ್ತೆ. ಮುಂದಿನ ಮನೆಗೆ ಹೋಗಿ," ಎಂದರು.

"ಕೇಳಿಸ್ತಲ್ಲ? ಸಿಕ್ಕಿಸಿ ನಡೀರಿ," ಎಂದೆ.

"ಮಂಕು ಹೋಗುತ್ತೆ ಕಣೇ, ಕಾರಣ ಹೋಗಲ್ಲ," ಎಂದು ಇವರು ಏಣಿಯ ಮೇಲೇ ಕೂತುಬಿಟ್ಟರು. ಗಿಲ್ ಅಕ್ಕ ಕಾಫಿ ಕೊಟ್ಟರು. ಅದು ಆರಿತು. ಸ್ವಿಚ್ಚಿನ ಡಬ್ಬಿ ಬಿಚ್ಚಿದರು, ಚಾವಣಿಯ ಡಬ್ಬಿ ಬಿಚ್ಚಿದರು, ತಂತಿಗಳನ್ನು ಅದಲು ಬದಲು ಮಾಡಿದರು. ದೀಪ ಪೂರ್ತಿ ಆರುವಷ್ಟರಲ್ಲಿ ಹನ್ನೆರಡು ಹೊಡೆದಿತ್ತು. ನಾನು ಹಲ್ಲು ಕಚ್ಚಿಕೊಂಡು ಏಣಿ ಮಡಚಿದೆ.

ಕಚೇರಿಯಲ್ಲಿ ಪ್ಯೋ ಸಾಹೇಬರು ಪಟ್ಟಿ ನೋಡಿದರು. "ಐದರಲ್ಲಿ ಒಂದಾ? ನಿಮ್ಮನ್ನ ಟ್ಯೂಬ್‌ಲೈಟ್ ಅಂತ ಕರೆಯೋದು ಸರಿಯಾಗೇ ಇದೆ ಬಿಡಿ."

ನನಗೆ ಮೈಯೆಲ್ಲ ಉರಿಯಿತು. "ಆ ಹೆಸರಿಟ್ಟವಳು ನಾನು ಸಾರ್, ಕರೆಯೋ ಹಕ್ಕೂ ನಂದೇ. ನೀವು ಬಾಯಿ ಹಾಕ್ಬೇಡಿ." ಅಂದದ್ದೇ ತಡ, ಸಿಗಬೇಕಿದ್ದ ಕೆಲಸವನ್ನು ನನ್ನ ನಾಲಿಗೆಯೇ ತಿಂದುಹಾಕಿತು ಎನಿಸಿತು.

ನಮ್ಮವರಿಗೆ ಇದ್ಯಾವುದೂ ಕೇಳಿಸಿದಂತಿರಲಿಲ್ಲ. "ಸಾರ್, ಅಲ್ಲಿ ಸ್ವಿಚ್ಚನ್ನ ತಪ್ಪು ತಂತಿಗೆ ಹಾಕಿದ್ರು. ಸ್ವಿಚ್ ಆರಿಸಿದ್ರೂ ದೀಪದವರೆಗೆ ಕರೆಂಟ್ ಬರ್ತಾನೇ ಇತ್ತು. ಹಳೇ ಟ್ಯೂಬಲ್ಲಿ ಗೊತ್ತಾಗ್ತಿರಲಿಲ್ಲ. ಆ ಸಾಲಲ್ಲಿ ಮೇಲಿಂದ ಕೆಳಗಿನವರೆಗೆ ಹದಿನೈದು ಮನೆಗೂ ವೈರಿಂಗ್ ಮಾಡಿದವರು ಒಬ್ಬರೇ ಅಂತೆ."

ಪ್ಯೋ ಸಾಹೇಬರ ಮುಖ ಬದಲಾಯಿತು. "ಹದಿನೈದೂ ನೋಡಿ. ಸಂಜೆಯೊಳಗೆ ಮುಗೀಬೇಕು."

"ಆಗಲ್ಲ ಸಾರ್. ನಾಲ್ಕು ದಿನ ಬೇಕು."

ನಾನು ಅವರ ತೋಳು ಚಿವುಟಿದೆ. ಸಾಹೇಬರು ಮೊಳೆಗೆ ನೇತುಹಾಕಿದ್ದ ಕೆಲಸದ ನೀಲಿ ಅಂಗಿಯನ್ನು ತೆಗೆದು ಮೇಜಿನ ಮೇಲಿಟ್ಟರು. "ಸರಿ, ನಾಲ್ಕು ದಿನ. ಮೇಲಿನ ಮಹಡಿಯಿಂದ ಶುರು ಮಾಡಿ."

"ಇಲ್ಲ ಸಾರ್. ಮೊದಲು ಒಂಬತ್ತನೇ ಮಹಡಿ."

"ಅಲ್ಲೇನಿದೆ?"

"ನಮ್ಮನೆ. ಅದೂ ಅದೇ ಸಾಲು. ನಾಡಿದ್ದು ಹೊಸವರ್ಷದ ಹಬ್ಬ. ಹಬ್ಬ ಬಂತಂದ್ರೆ ಇವಳು ಸ್ವಿಚ್ ಆರಿಸಿ, ಸ್ಟೂಲ್ ಹತ್ತಿ, ಒದ್ದೆ ಬಟ್ಟೇಲಿ ದೀಪ ಒರೆಸ್ತಾಳೆ."

ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. "ಇವತ್ತೇ ಒರೆಸೋಣಾಂತಿದ್ದೆ ಕಣ್ರೀ," ಎಂದೆ.

"ಗೊತ್ತು," ಎಂದರು ನಮ್ಮವರು, ನೀಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ. "ಬೆಳಿಗ್ಗೆ ನೀನು ಬಕೆಟ್ಟಿಗೆ ನೀರು ಹಿಡಿದಿಟ್ಟಿದ್ದು ನೋಡಿದ್ದೆ."