ಕೆನ್ಯಾದ ಆ ಮನೆಗೆ ಎಂತ ತಕೊಂಡು ಹೋಗುವುದು?

ಗುರುವಾಯನಕೆರೆಯಲ್ಲಿ ಹೋಟೆಲು ನಡೆಸುವ ಸುಧಾಕರ ಮತ್ತು ಪ್ರೇಮಾವತಿ ಕೆನ್ಯಾ ಪ್ರವಾಸದ ಮಾತಾಡಲು ಮೂಡುಬಿದಿರೆಯ ಟ್ರಾವೆಲ್ ಏಜೆಂಟ್ ಶಿಶಿರ್‌ನ ಆಫೀಸಿಗೆ ಹೋಗಿದ್ದರು. ಸಿಂಹ, ಜಿರಾಫೆಗಳ ಮಾತು ಬೇಗ ಮುಗಿಯಿತು.

"ಒಂದು ದಿನ ದನ ಸಾಕುವ ಮಾಸಾಯಿ ಜನರ ಮನೆಗೆ ಭೇಟಿ ಉಂಟು ಅಕ್ಕ," ಎಂದ ಶಿಶಿರ್. "ಒಳಗೆ ಹೋಗಿ ನೋಡಿ ಬರುವುದು."

ಪ್ರೇಮಾವತಿಗೆ ಗೊಂದಲವಾಯಿತು. "ಗುರುತಿಲ್ಲದವರ ಮನೆಯೊಳಗೆ ಎಂತ ನೋಡುವುದು? ಬರಿಗೈಯಲ್ಲಿ ಹೋಗುವುದು ಹೇಗೆ?"

"ನೀನು ಸಿಂಹ ನೋಡು ಮಾರಾಯ್ತಿ," ಎಂದ ಸುಧಾಕರ.

ಅಲ್ಲಿಯೇ ಕೇಳಿ ನೋಡುವ ಎಂದು ಶಿಶಿರ್ ಕೆನ್ಯಾದ ಗೈಡಿಗೆ ವೀಡಿಯೊ ಕರೆ ಮಾಡಿದ. ಭೇಟಿಗೆ ಹೋಗುವ ಮನೆ ಆ ಗೈಡನದ್ದೇ ಆಗಿತ್ತು. ಅವನ ತಾಯಿ ಫೋನಿನ ಹತ್ತಿರ ಬಂದು ಏನೋ ಕೇಳಿದರು. ಗೈಡ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದ, ಶಿಶಿರ್ ಕನ್ನಡಕ್ಕೆ ತಂದ.

"ಮಕ್ಕಳು ಹೇಗಿದ್ದಾರೆ, ದನಗಳು ಹೇಗಿವೆ ಅಂತ ಕೇಳ್ತಿದ್ದಾರೆ ಅಕ್ಕ."

ತಮ್ಮ ಹಟ್ಟಿಯ ದನಗಳನ್ನು ಮಾರಿ ವರ್ಷವಾಗಿತ್ತು. ಪ್ರೇಮಾವತಿ ಗಂಡನ ಮುಖ ನೋಡಿದಳು. "ದನ ಇಲ್ಲ ಅಂದರೆ ಅವರಿಗೆ ಬೇಜಾರಾಗ್ತದಾ?"

ಸುಧಾಕರ ಶಿಶಿರ್‌ನ ಕಡೆ ತಿರುಗಿದ. ಕೊನೆಗೆ ಅವಳು ಫೋನಿಗೆ ಕೈಮುಗಿದು, "ಎಲ್ಲ ಬಂದು ಹೇಳ್ತೇನೆ ಅಮ್ಮ," ಎಂದಳು.

ಶಿಶಿರ್ ಅದನ್ನು ಇಂಗ್ಲಿಷಿಗೆ ತಿರುಗಿಸುವ ಮೊದಲೇ ಆ ತಾಯಿ ನಕ್ಕು ತಲೆಯಾಡಿಸಿದರು. ಅವರಿಗೆ ಏನು ಅರ್ಥವಾಯಿತೋ ಪ್ರೇಮಾವತಿಗೆ ತಿಳಿಯಲಿಲ್ಲ. ಆದರೂ, "ಆ ಭೇಟಿ ಇರಲಿ," ಎಂದಳು.