ಗಾಳಿಗೆ ಬೆನ್ನು ಕೊಟ್ಟ ಹೂವು

ಆ ಬೆಟ್ಟದ ನೆತ್ತಿಗೆ ಯಜಮಾನನೆಂದರೆ ಗಾಳಿ. ಹತ್ತಿ ಹೋದವರೆಲ್ಲ ನೆಂಟರು. ಅಂದು ನೆಂಟರಾಗಿ ಹೋದವರು ಇಬ್ಬರು. ಊರೆಲ್ಲ ಹುಲ್ಲುಮೇಷ್ಟ್ರು ಎಂದು ಕರೆಯುವ ಮುದುಕರು, ಅವರ ಹಿಂದೆ ಕ್ಯಾಮೆರಾ ಚೀಲ ಹೊತ್ತ ಅವರ ಸೊಸೆ.

ಮೇಷ್ಟ್ರು ಮಕ್ಕಳಿಗೆ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಆ ಬೆಟ್ಟದ ಗಿಡಗಳ ಮೇಲೆ ಪುಸ್ತಕ ಬರೆಯುತ್ತ ಬರೆಯುತ್ತ ತಲೆ ಹಣ್ಣಾಗಿತ್ತು. ಗಿಡದ ಮುಂದೆ ಚಕ್ಕಳಮಕ್ಕಳ ಕೂತು ಕೈಯಾರೆ ಬರೆದ ಚಿತ್ರಗಳು. ಒಂದೇ ಒಂದು ಹೂವು ಬಾಕಿ ಇರುವಾಗ ಕಣ್ಣುಗಳು ಕೈಕೊಟ್ಟವು. ನೇರಕ್ಕೆ ನೋಡಿದರೆ ನಡುವೆ ಮಸಿ ಚೆಲ್ಲಿದ ಹಾಗೆ. ಕತ್ತು ಓರೆ ಮಾಡಿದರೆ ಅಂಚಿನಲ್ಲಿ ಏನೋ ಒಂದಿಷ್ಟು. ಮುಂದಿನ ವರ್ಷಕ್ಕೆ ಆ ಅಂಚೂ ಉಳಿಯಲಿಕ್ಕಿಲ್ಲ ಎಂದಿದ್ದರು ವೈದ್ಯರು. ಮಳೆ ಹಿಡಿದರೆ ಹೂವು ಉದುರುತ್ತದೆ. ಅಚ್ಚಿನ ಮನೆಯವರು ಒಂದು ಪುಟ ಖಾಲಿ ಬಿಟ್ಟು ಕಾಯುತ್ತಿದ್ದರು.

ಹೀಗಾಗಿ ಕಡೆಯ ಚಿತ್ರ ಸೊಸೆಯ ಪಾಲಿಗೆ ಬಂತು. ಅವಳಿಗೆ ಪೇಟೆಯಲ್ಲಿ ಸ್ಟುಡಿಯೋ ಇತ್ತು. ಹಟಮಾರಿ ಕೂಸುಗಳನ್ನು, ನಗಲು ನಾಚುವ ಮದುಮಕ್ಕಳನ್ನು, ಮುಖ ಗಂಟಿಕ್ಕಿದ ಅಧಿಕಾರಿಗಳನ್ನು ಗದ್ದ ಹಿಡಿದು ಚೂರು ತಿರುಗಿಸಿ ಕೂರಿಸಿ ಪಳಗಿದ ಕೈ ಅವಳದು. ಮಾವ ಆ ಕೆಲಸವನ್ನು ಎಂದೂ ಹಳಿದವರಲ್ಲ, ಹೊಗಳಿದವರೂ ಅಲ್ಲ. ಮದುವೆಯಾಗಿ ಬಂದಂದಿನಿಂದ ಅವರ ಬಾಯಿಂದ ಒಂದು ಒಳ್ಳೆಯ ಮಾತಿಗೆ ಅವಳು ಒಳಗೊಳಗೇ ಆಸೆಪಟ್ಟಿದ್ದಳು.

ನೆತ್ತಿ ತಲುಪಿದ ಮೇಲೆ ಮೇಷ್ಟ್ರು ಚಪ್ಪಲಿ ಬಿಟ್ಟು, ಕೈಮುಗಿದು, ಕಣ್ಮುಚ್ಚಿ ನಿಂತರು.

"ಯಾರಿಗೆ ಮಾವ ಕೈಮುಗಿಯೋದು? ಇಲ್ಲಿ ಯಾರೂ ಇಲ್ವಲ್ಲ."

"ಯಾರೂ ಇಲ್ಲದ ಜಾಗದಲ್ಲೂ ಹೂವು ಅರಳಿಸ್ತಾನಲ್ಲ, ಅವನಿಗೆ."

ಬಂಡೆಯ ಬುಡದಲ್ಲಿತ್ತು ಹೂವು. ಉಗುರಿನಷ್ಟೇ ದೊಡ್ಡ ನೀಲಿ ಗಂಟೆ, ದಾರದಂಥ ಕಾಂಡ. ಸೊಸೆ ಹೊಟ್ಟೆಯ ಮೇಲೆ ಮಲಗಿ ಕಣ್ಣಿಟ್ಟಳು. ಗಾಳಿ ಒಂದೇ ಸಮ ಬೀಸುತ್ತಿತ್ತು. ಹೂವು ಚೌಕಟ್ಟಿನೊಳಗೆ ಬಂದ ಹಾಗೆ ಮಾಡಿ ಹೊರಗೆ ಜಾರುತ್ತಿತ್ತು. ಕ್ಯಾಮೆರಾದ ಮೂರುಕಾಲಿಗೆ ಕಲ್ಲು ತುಂಬಿದ ಚೀಲ ನೇತುಹಾಕಿದಳು. ಕ್ಯಾಮೆರಾ ನಿಂತಿತು, ಹೂವು ನಿಲ್ಲಲಿಲ್ಲ. ಕೊಡೆ ಅಡ್ಡ ಹಿಡಿದಳು. ಅದು ಮಗುಚಿ ಬಟ್ಟಲಾಯಿತು. ಕೊನೆಗೆ ಮಾವ ದುಪ್ಪಟಿಯ ಎರಡು ತುದಿ ಹಿಡಿದು ಗೋಡೆಯಾಗಿ ನಿಂತರು. ದುಪ್ಪಟಿ ಹಾಯಿಯಂತೆ ಉಬ್ಬಿ ಅವರನ್ನು ಎರಡು ಹೆಜ್ಜೆ ಎಳೆಯಿತು.

"ಏ ತಾಯಿ, ನಾನು ಹಾರಿ ಹೋದ್ರೆ ಮುನ್ನುಡಿ ನೀನೇ ಬರೀಬೇಕಾಗುತ್ತೆ!"

"ಮೊದಲು ದುಪ್ಪಟಿ ಇಳಿಸಿ ಮಾವ. ನಿಮ್ಮ ಮಗ ನನ್ನನ್ನ ಸುಮ್ನೆ ಬಿಡಲ್ಲ."

"ಅವನು ಬಿಡ್ತಾನೆ ಬಿಡು. ನಮ್ಮವಳಿದ್ದಾಳಲ್ಲ, ಅವಳ ಹೊಸ ದುಪ್ಪಟಿ ಇದು. ಅವಳು ಬಿಡಲ್ಲ."

ಗಾಳಿ ಆಗೊಮ್ಮೆ ಈಗೊಮ್ಮೆ ಉಸಿರು ಬಿಗಿಹಿಡಿದಂತೆ ನಿಲ್ಲುತ್ತಿತ್ತು. ಅವಳ ಬೆರಳು ಒತ್ತುವ ಹೊತ್ತಿಗೆ ಮತ್ತೆ ಬಿಡುತ್ತಿತ್ತು. ಅಷ್ಟರಲ್ಲಿ ಮೋಡ ಕವಿದು ಬೆಳಕು ಕುಂದತೊಡಗಿತು. ಮಾವ ದಣಿದು ಬಂಡೆಯ ಮರೆಗೆ ಹೋಗಿ ಕೂತರು. ತುಟಿಯಲ್ಲಿ ಏನೋ ಜಪ, ಕಣ್ಣಲ್ಲಿ ಜೊಂಪು.

ಸೊಸೆ ಚೀಲಕ್ಕೆ ಕೈಹಾಕಿದಳು. ಸ್ಟುಡಿಯೋದಲ್ಲಿ ದೊಗಳೆ ಕೋಟುಗಳನ್ನು ಬೆನ್ನ ಹಿಂದೆ ಬಿಗಿಮಾಡಲು ಇಟ್ಟುಕೊಂಡ ಬಟ್ಟೆಯ ಕ್ಲಿಪ್ಪು ಸಿಕ್ಕಿತು. ನೆಲಕ್ಕೆ ಒಂದು ಕಡ್ಡಿ ಚುಚ್ಚಿ, ಕಾಂಡವನ್ನು ಎಲೆಯ ಮರೆಯಲ್ಲಿ ಅದಕ್ಕೆ ಹಗುರವಾಗಿ ಸಿಕ್ಕಿಸಿದಳು. ಹೂವಿನ ಮುಖ ಬಂಡೆಯ ಕಡೆಗಿತ್ತು. ಬೆರಳ ತುದಿಯಿಂದ ಅದನ್ನು ತನ್ನತ್ತ ತಿರುಗಿಸಿದಳು. ಯೋಚನೆ ಮಾಡಿ ಮಾಡಿದ್ದಲ್ಲ; ಕೈಗೆ ಆ ಅಭ್ಯಾಸ. ಕ್ಲಿಕ್ಕಿಸಿದಳು. ದಳದ ನರನರವನ್ನೂ ಎಣಿಸಬಹುದಾದಂಥ ಚಿತ್ರ. ಕ್ಲಿಪ್ಪು ತೆಗೆದದ್ದೇ ತಡ, ಹೂವು ಮುನಿಸಿಕೊಂಡವಳಂತೆ ಬಂಡೆಯ ಕಡೆ ತಿರುಗಿತು.

ಮಾವ ಎಚ್ಚೆತ್ತು ಕ್ಯಾಮೆರಾವನ್ನು ಕಣ್ಣಿಗೆ ಅಂಟಿಸಿಕೊಂಡು, ಕತ್ತು ಓರೆ ಮಾಡಿ, ಬಹಳ ಹೊತ್ತು ನೋಡಿದರು.

"ಕಾಣ್ತಿದೆ ಕಣಮ್ಮ. ನೀಲಿ ಕಾಣ್ತಿದೆ. ಕಣ್ಣು ನೆಟ್ಟಗಿದ್ದಾಗಲೂ ನಾನು ಹೀಗೆ ಬರೀತಿರಲಿಲ್ಲ. ಎಂಥಾ ಕೆಲಸ ಕಲ್ತಿದ್ದೀಯ ನೀನು!"

ಆಸೆಪಟ್ಟ ಮಾತು ಬಂದೇಬಿಟ್ಟಿತು. ಸೊಸೆ ಸೆರಗಿನಿಂದ ಮುಖದ ಮಣ್ಣು ಒರೆಸಿಕೊಳ್ಳುವ ನೆಪದಲ್ಲಿ ಕಣ್ಣೂ ಒರೆಸಿಕೊಂಡಳು.

"ಇನ್ನು ಆ ಸಸ್ಯಶಾಸ್ತ್ರದ ಪಂಡಿತರ ಬಾಯಿ ಮುಚ್ಚುತ್ತೆ," ಮಾವ ಹುರುಪಿನಿಂದ ಹೇಳಿದರು. "ಕೆಳಗಡೆ ಇಳಿಜಾರಲ್ಲಿ ಇದರ ತಂಗಿ ಇದಾಳಲ್ಲ, ಅದೂ ಇದೂ ಒಂದೇ ಗಿಡ ಅಂತ ಅವರ ವಾದ. ತಂಗಿ ಎತ್ತ ಬೇಕಾದ್ರೂ ಮುಖ ಮಾಡ್ತಾಳೆ. ಇದು ಮೊಗ್ಗಿನಿಂದಲೇ ಗಾಳಿಗೆ ಬೆನ್ನು ಕೊಟ್ಟು ಬೆಳೆಯುತ್ತೆ, ಒಳಗಿನ ಪರಾಗ ಹಾರಿಹೋಗಬಾರದು ಅಂತ. ನಾನು ಬಾಯಲ್ಲಿ ಹೇಳಿದ್ರೆ ಯಾರೂ ನಂಬಲಿಲ್ಲ. ಚಿತ್ರದಲ್ಲಿ ಅದು ಕಾಣುತ್ತಲ್ವಾ? ನಂಗೆ ಅಷ್ಟು ಗೊತ್ತಾಗಲ್ಲ. ನೀನೇ ಹೇಳು."

ಸೊಸೆ ಕ್ಯಾಮೆರಾದತ್ತ ನೋಡಿದಳು. ಚಿತ್ರದಲ್ಲಿ ಹೂವು ಗಾಳಿಗೇ ಎದೆಯೊಡ್ಡಿ ನಗುತ್ತಿತ್ತು. ಹೌದು ಎಂದರೆ ಮುಗಿಯಿತು. ಅವರ ಕಣ್ಣು ಎಂದೂ ಅವಳನ್ನು ಹಿಡಿದುಕೊಡುವುದಿಲ್ಲ. ಸಿಕ್ಕ ಮಾತು ಅವಳದೇ ಆಗಿ ಉಳಿಯುತ್ತದೆ. ಹುಲ್ಲು ಸುಯ್ಯೆನ್ನುತ್ತಿತ್ತು. ಮಾವ ಮಗುವಿನಂತೆ ಮುಖವೆತ್ತಿ ಉತ್ತರಕ್ಕೆ ಕಾಯುತ್ತಿದ್ದರು.

"ಇಲ್ಲ ಮಾವ. ನಾನು ತಿರುಗಿಸಿಬಿಟ್ಟೆ. ಕ್ಲಿಪ್ಪು ಹಾಕಿ."

ಮಾವ ಬೆಚ್ಚಿದರು. "ಕಾಂಡ ಮುರೀತಾ?"

"ಇಲ್ಲ, ಚೆನ್ನಾಗಿದೆ. ತಪ್ಪಾಯ್ತು ಮಾವ."

ಅವರು ತಡಕಾಡಿ ಕಾಂಡವನ್ನು ಬೆರಳ ನಡುವೆ ಸವರಿ ನೋಡಿ ನಿಟ್ಟುಸಿರುಬಿಟ್ಟರು. ಆಮೇಲೆ ಮೇಷ್ಟ್ರ ಹೊಟ್ಟೆ ನಗುವಿಗೆ ಕುಲುಕತೊಡಗಿತು.

"ಅಲ್ಲ ಕಣೇ, ಇದನ್ನೂ ಮದುಮಗಳು ಅಂದ್ಕೊಂಡ್ಯಾ?"

ನಗುವಿನಲ್ಲಿ ಅವಳ ಹೆದರಿಕೆ ಇಳಿಯಿತು. ಮತ್ತೆ ಮಲಗಿದಳು, ಈ ಸಲ ಹೂವಿನ ಪಕ್ಕದಿಂದ. ನೋಡುತ್ತ ನೋಡುತ್ತ ಒಂದು ಮಾತು ಹೊಳೆಯಿತು. ಗಾಳಿಯೇ ಕಾಣದ ಚಿತ್ರದಲ್ಲಿ ಗಾಳಿಗೆ ಬೆನ್ನು ಕೊಟ್ಟದ್ದು ಕಾಣುವುದಾದರೂ ಹೇಗೆ? ಇಷ್ಟು ಹೊತ್ತು ಅವಳು ಓಡಿಸಲು ಹೆಣಗಿದ್ದು ಸಾಕ್ಷಿಯನ್ನೇ. ದುಪ್ಪಟಿ ಮಡಿಚಿಟ್ಟಳು. ಅಲುಗಿದ್ದೆಲ್ಲ ಗೀರಾಗಿ ಮೂಡಲೆಂದು ಕ್ಯಾಮೆರಾದ ಕಣ್ಣು ನಿಧಾನವಾಗಿ ಮುಚ್ಚುವಂತೆ ಮಾಡಿ, ಗಾಳಿ ಜೋರಾಗಲೆಂದು ಕಾದಳು. ಜೋರಾದಾಗ ಒತ್ತಿದಳು. ಮತ್ತೆ ಒತ್ತಿದಳು. ಮಳೆಯ ಮೊದಲ ಹನಿ ಕೈಮೇಲೆ ಬೀಳುವವರೆಗೂ ಒತ್ತುತ್ತಲೇ ಇದ್ದಳು.

ಅವುಗಳಲ್ಲಿ ಒಂದನ್ನು ಆರಿಸಿ ಮಾವನ ಕೈಗಿತ್ತಳು. ಅವರು ಕತ್ತನ್ನು ಎಡಕ್ಕೆ ಓರೆ ಮಾಡಿದರು, ಬಲಕ್ಕೆ ಮಾಡಿದರು.

"ನಂಗೆ ಬರೀ ಮಂಜು, ಮಗಳೇ."

ಅವರಿಗೆ ಕಂಡದ್ದು ಪುಸ್ತಕಕ್ಕಾಗದು, ಪುಸ್ತಕಕ್ಕಾಗುವುದು ಅವರಿಗೆ ಕಾಣದು. "ಮೊದಲಿನದನ್ನ ಅಳಿಸಿಲ್ಲ ಮಾವ. ಬೇಕಾದ್ರೆ..."

"ಅದು ನನ್ನ ಕೋಣೆಗೆ ಇರಲಿ. ಯಾರಿಗೂ ಮುಖ ತೋರಿಸದವಳು ನಂಗೆ ತೋರಿಸಿದ್ದಾಳೆ, ದೇವರ ದಯೆ. ಪುಸ್ತಕಕ್ಕೆ ಇದು ಹೋಗಲಿ." ಕ್ಯಾಮೆರಾವನ್ನು ಅವಳ ಕೈಗೆ ಮರಳಿಸಿದರು. "ಏನಿದೆ ಇದರಲ್ಲಿ, ಹೇಳು. ಇದ್ದದ್ದು ಇದ್ದ ಹಾಗೆ."

ಅವಳು ಮಳೆಹನಿಗೆ ಸೆರಗು ಅಡ್ಡ ಹಿಡಿದು, ಹತ್ತಿರ ಕೂತು, ಬಂಡೆಯಿಂದ ಶುರುಮಾಡಿದಳು. ಬಂಡೆ ಅಲುಗಿಲ್ಲ, ಅದರ ಮೇಲಿನ ಹಾವಸೆಯೂ ಸ್ಪಷ್ಟವಾಗಿದೆ. ಹುಲ್ಲೆಲ್ಲ ಗೀರುಗೀರಾಗಿ ಎಡದಿಂದ ಬಲಕ್ಕೆ ಬಾಗಿದೆ. ದಳದ ಅಂಚು ನೀರಲ್ಲಿ ಕದಡಿದ ಬಣ್ಣದಂತಿದೆ. ಬೆನ್ನು ಎಡಕ್ಕಿದೆ, ಮುಖ ಬಂಡೆಗಿದೆ.

"ಒಳಗಿನ ಪರಾಗ?"

"ಕಾಣಲ್ಲ ಮಾವ. ಮುಚ್ಕೊಂಡಿದೆ."

ಮೇಷ್ಟ್ರು ಮೆಲ್ಲನೆ ತಲೆದೂಗಿದರು. "ಸರಿ. ಇನ್ನೊಂದ್ಸಲ ಹೇಳು, ನಿಧಾನವಾಗಿ. ನಾನು ನೋಡ್ಕೋತೀನಿ," ಎಂದು ಕಣ್ಣು ಮುಚ್ಚಿಕೊಂಡರು.