ಸಾಲಿಯ ಚಾವಿ

ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಚಾವಿಯನ್ನು ತಿಕ್ಕುತ್ತಿದ್ದೆ. ಅವ್ವ ಪಕ್ಕದಲ್ಲಿ ಕುಳಿತು ನೋಡುತ್ತಿದ್ದಳು. ಹಲ್ಲುಗಳ ಸಂದಿಯ ಕಪ್ಪು ಹೋಗುವವರೆಗೆ ತಿಕ್ಕಿ, ತೊಳೆದು, ಗೋಡೆಯ ಗೂಡಿನಲ್ಲಿ ಇಟ್ಟೆ.

ಅದು ಸಾಲಿಯ ಹೆಡ್‌ಮಾಸ್ತರರು ನನ್ನ ತಂಗಿ ಸುಂಕಿಯ ಕೈಗೆ ಕೊಟ್ಟಿದ್ದ ಚಾವಿ. ಊರಿನ ಯಾವ ಬಾಗಿಲ ಚಾವಿಯೂ ನಮ್ಮ ಕೇರಿಗೆ ಬಂದದ್ದಿಲ್ಲ. ಗುಡಿಗೂ ನಾವು ಕಟ್ಟೆಯ ಕೆಳಗಿನಿಂದಲೇ ಕೈಮುಗಿಯುವವರು. ಅವ್ವ ಚಾವಿಗೆ ಕೆಂಪು ದಾರ ಕಟ್ಟಿದಳು. ನಳದ ಹತ್ತಿರ ಕೇಳದವರಿಗೂ ಹೇಳಿದಳು.

"ಸಾಲಿ ಚಾವಿ ನಮ್ಮ ಸುಂಕಿ ಕೈಯಾಗ ಐತಿ."

"ನಾಳೆ ಮಾಸ್ತರ ಕುರ್ಚಿನೂ ಕೊಡ್ತಾರ ತಗೋ," ಎಂದಳು ಯಂಕವ್ವ ಚಿಗವ್ವ. "ನಮ್ಮ ಹುಡುಗರಿಗೆ ಹೊಡಿಬ್ಯಾಡ ಅನ್ನಬೇ ನಿನ್ನ ಮಗಳಿಗೆ."

"ಅಂತೀನಿ. ಮೊದ್ಲು ನಿನ್ನ ಕೊಡ ಸರಸು."

ಹೋದ ತಿಂಗಳು ಸಂಘದ ಅಕ್ಕ ಒಬ್ಬರು ಕೇರಿಗೆ ಬಂದು ಸಭೆ ಮಾಡಿದ್ದರು. ಪಾಠದ ಹೊತ್ತಿನಲ್ಲಿ ಮಗುವನ್ನು ಹೊರಗಿಡುವ ಹಕ್ಕು ಯಾರಿಗೂ ಇಲ್ಲ, ಜಾತಿ ನೋಡಿ ಕೆಲಸ ಹಚ್ಚಿದರೆ ಅದು ಅಪರಾಧ ಎಂದಿದ್ದರು. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿದ್ದೆ. ಅವ್ವ ಎದ್ದು, "ನಮ್ಮ ಸಾಲ್ಯಾಗ ಹಂಗಿಲ್ರೀ, ನಮಗ ಚಾವಿನ ಕೊಟ್ಟಾರ" ಎಂದಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಸುಂಕಿ ಮಾತ್ರ ಚಾವಿಯ ಮಾತು ಬಂದರೆ ಎದ್ದು ಹೋಗುತ್ತಿದ್ದಳು. ನಾಲ್ಕನೇ ಇಯತ್ತೆಯಲ್ಲಿ ಲೆಕ್ಕಕ್ಕೆ ಅವಳೇ ಮುಂದಿದ್ದಳು, ಈಗ ಐದನೆಯದರಲ್ಲಿ ಫೇಲು. ಬೇಸಿಗೆಗೆ ಮುಂಚೆ ವಸತಿ ಶಾಲೆಯ ಪರೀಕ್ಷೆ. ಅದರಲ್ಲಿ ಪಾಸಾಗದಿದ್ದರೆ ಅವಳೂ ನನ್ನ ಹಾಗೆ ಸಾಲಿ ಬಿಟ್ಟು ಹತ್ತಿ ಹೊಲಕ್ಕೆ ಬರಬೇಕೆಂದು ಅಪ್ಪ ಹೇಳಿಬಿಟ್ಟಿದ್ದ.

ಚಾವಿ ತಿಕ್ಕಿಟ್ಟ ಆ ದಿನ ಸುಂಕಿ ಸಾಲಿಗೆ ಹೋದ ಮೇಲೆ ನೋಡಿದರೆ ಅದು ಗೂಡಿನಲ್ಲೇ ಇತ್ತು.

"ಅಯ್ಯ, ಸಾಲಿ ಬಾಗಲಾ ಹ್ಯಂಗ ತೆಗಿತಾರ? ನಡಿ ನಡಿ," ಎಂದು ಅವ್ವ ಚಾವಿ ಹಿಡಿದು, ಸೆರಗು ಸಿಗಿಸಿಕೊಂಡು ಹೊರಟಳು. ನಾನು ಹಿಂದೆ ಓಡಿದೆ.

ಸಾಲಿಯ ಬಾಗಿಲುಗಳೆಲ್ಲ ತೆರೆದೇ ಇದ್ದವು. ಒಳಗೆ ಲೆಕ್ಕದ ಪಾಠ ನಡೆದಿತ್ತು.

"ತೆಗದಾರಲ್ಲಬೇ," ಎಂದಳು ಅವ್ವ.

ಹೆಡ್‌ಮಾಸ್ತರರು ಪಡಸಾಲೆಯಿಂದ ಕೈ ತೋರಿಸಿದರು. "ಈಗ ತಂದ್ರೇನು? ಹಿಂದ ಹೋಗಿ ಕೊಡ್ರಿ. ಆಕಿ ಕಾಯಾಕತ್ತಾಳ."

ಹಿಂದೆ ಇದ್ದದ್ದು ಪಾಯಖಾನೆ. ಅದಕ್ಕೆ ಬೀಗ. ಬೀಗದ ಮುಂದೆ ಸುಂಕಿ ಲಂಗ ಎತ್ತಿ ಕಟ್ಟಿಕೊಂಡು ಬರಿಗಾಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಬಕೀಟು, ಕಸಬರಿಗೆ, ಆಸಿಡ್ಡಿನ ಬಾಟಲಿ. ಅವಳ ಬೆರಳ ತುದಿಗಳು ಸುಲಿದಿದ್ದವು. ಮನೆಯಲ್ಲಿ ಕೇಳಿದಾಗ ಸುಣ್ಣ ತಗುಲಿ ಸುಲಿದದ್ದು ಎಂದಿದ್ದಳು.

ನಮ್ಮನ್ನು ನೋಡಿ ಅವಳು ಅಳಲಿಲ್ಲ.

"ಯಾಕ ತಂದಿಯಬೇ ಅದನ್ನ?" ಎಂದಳು.

ಹುಣಸೆಯ ಹುಳಿ ಇನ್ನೂ ನನ್ನ ಬೆರಳುಗಳಲ್ಲಿತ್ತು.

ಹೆಡ್‌ಮಾಸ್ತರರು ಹಿಂದೆಯೇ ಬಂದರು. "ನಿಮ್ಮ ಹುಡುಗಿ ಬಾಳ ಚಲೋ ತೊಳಿತಾಳ ನೋಡವಾ. ಉಳಿದ ಹುಡುಗರಿಗೆ ಇದು ಬರಂಗಿಲ್ಲ."

ಮಾಸ್ತರರು ಏನೇ ಹೇಳಿದರೂ ನಗುವ ಅವ್ವ ಈಗಲೂ ನಕ್ಕಳು. ಆ ನಗು ಮುಖದ ಮೇಲೆ ಹಾಗೇ ಉಳಿಯಿತು, ಕಣ್ಣಲ್ಲಿ ಮಾತ್ರ ನಗು ಇರಲಿಲ್ಲ. ಅವಳು ಚಾವಿಯ ಕೆಂಪು ದಾರವನ್ನು ಬಿಚ್ಚತೊಡಗಿದಳು. ಗಂಟು ಬಿಚ್ಚಿಕೊಳ್ಳಲಿಲ್ಲ.

ಕಿಟಕಿಯಲ್ಲಿ ಮಕ್ಕಳ ತಲೆಗಳು ಮೂಡಿದವು. ಲೆಕ್ಕದ ಮೇಡಂ ಸೀಮೆಸುಣ್ಣ ಹಿಡಿದು ಬಾಗಿಲಿಗೆ ಬಂದರು. ಹೊರಗಿನವರೆದುರು ನಾನು ಬಾಯಿ ತೆರೆದವಳಲ್ಲ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು.

"ಆಕೀನ ಒಳಗ ಕುಂದ್ರಸ್ರೀ ಸರ. ಲೆಕ್ಕದ ಪಾಠ ನಡದೈತಿ."